ಬೋಳು ಬೆಟ್ಟದ ಕಾವಲುಗಾರ

ದೂರದ ಬೆಟ್ಟ ನುಣ್ಣಗೆ ಅಂತಾರೆ. ನಮ್ಮೂರ ಬೆಟ್ಟ ಹತ್ತಿರದಿಂದಲೂ ನುಣ್ಣಗೇ ಇತ್ತು. ಅದನ್ನು ಹಾಗೆ ನುಣ್ಣಗೆ ಮಾಡಿದವರಲ್ಲಿ ನಮ್ಮ ಚಿಕ್ಕಪ್ಪನ ಪಾಲು ದೊಡ್ಡದು.

ಪ್ರಾಯದಲ್ಲಿ ಅವನು ಇದ್ದಿಲು ಸುಡುತ್ತಿದ್ದ. ಬೆಟ್ಟದ ಮರ ಕಡಿದು, ಗುಂಡಿಯಲ್ಲಿ ಪೇರಿಸಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ಬೇಯಿಸಿ, ಮೂಟೆ ಕಟ್ಟಿ ಪೇಟೆಗೆ ಸಾಗಿಸುವ ಕೆಲಸ. ದೊಡ್ಡ ಮರ ಮುಗಿದ ಮೇಲೆ ಸಣ್ಣ ಮರ, ಸಣ್ಣ ಮರ ಮುಗಿದ ಮೇಲೆ ಪೊದೆ, ಪೊದೆಯೂ ಮುಗಿದ ಮೇಲೆ ಬೇರು. ಕೈಗೆ ಸಿಗುವ ಬೇರೂ ತೀರಿದ ದಿನ ಚಿಕ್ಕಪ್ಪ ಗುದ್ದಲಿ ತೊಳೆದು ಮೂಲೆಗಿಟ್ಟು, ಮನೆ ಮುಂದಿನ ಕಟ್ಟೆ ಮೇಲೆ ಕೂತು, "ಕೆಲಸ ಮುಗೀತು" ಅಂದ. ಕೆಲಸ ಹೋಯಿತು ಅಂತ ಅವನ ಬಾಯಲ್ಲಿ ಯಾವತ್ತೂ ಬರಲಿಲ್ಲ.

ಅಲ್ಲಿಂದ ಮುಂದೆ ಮನೆ ನಡೆಸಿದ್ದು ಚಿಕ್ಕಮ್ಮನ ಆಡುಗಳು. ಅವರಿಗೆ ಹೊಲ ಇರಲಿಲ್ಲ. ಮಕ್ಕಳೂ ಇರಲಿಲ್ಲ. ಇದ್ದದ್ದು ಎರಡು ಕೋಣೆ, ಹಿಂದೊಂದು ಕೊಟ್ಟಿಗೆ, ಅದರ ತುಂಬ ಆಡು. ಆ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನನ್ನ ಹೊಲಿಗೆ ಯಂತ್ರ ಆ ಗೋಡೆಯ ಪಕ್ಕವೇ ಇದ್ದದ್ದರಿಂದ, ಅಲ್ಲಿ ನಡೆದದ್ದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಕೇಳಬೇಕು ಅಂತ ಕೇಳಿಸಿಕೊಂಡದ್ದಲ್ಲ. ಯಂತ್ರ ನಿಲ್ಲಿಸಿದಾಗ ಕೇಳಿಸುತ್ತಿತ್ತು. ಆಗಾಗ ನಿಲ್ಲಿಸುತ್ತಿದ್ದೆ.

ಮಂದೆಯ ಮುಂದಾಳು ಒಂದು ಮುದಿ ಹೋತ. ಗಡ್ಡ ಉದ್ದ, ನಡಿಗೆ ನಿಧಾನ, ಯಾರನ್ನು ನೋಡಿದರೂ ತಪ್ಪು ಹುಡುಕುವ ಮುಖ. ಅದಕ್ಕೆ ಚಿಕ್ಕಮ್ಮ ಮೇಷ್ಟ್ರು ಅಂತ ಹೆಸರಿಟ್ಟಿದ್ದಳು. ಮಾತಾಡಿಸುವಾಗ ಬಹುವಚನವನ್ನೇ ಬಳಸುತ್ತಿದ್ದಳು. ಆಡು ಮುಟ್ಟದ ಸೊಪ್ಪಿಲ್ಲ ಅನ್ನೋ ಗಾದೆ ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡಲಿಕ್ಕೆ ನಮ್ಮ ಬೆಟ್ಟದಲ್ಲಿ ಸೊಪ್ಪೇ ಉಳಿದಿರಲಿಲ್ಲ. ಚಿಕ್ಕಪ್ಪ ಬಿಟ್ಟ ಬುಡದಲ್ಲಿ ಎರಡೆಲೆ ಚಿಗುರಿದರೆ ಮೇಷ್ಟ್ರು ಅದನ್ನು ಚಿವುಟಿ ಮುಂದೆ ಹೋಗುತ್ತಿದ್ದರು. ಊರಿನ ಉಳಿದ ಆಡುಗಳೂ ಅದನ್ನೇ ಮಾಡುತ್ತಿದ್ದವು.

ನಮ್ಮ ಕಡೆ ಮಳೆ ಕಡಿಮೆ. ಬಂದರೆ ಮಾತ್ರ ಸಾಲ ತೀರಿಸುವವರ ಹಾಗೆ ಒಂದೇ ಸಲ ಸುರಿದು ಹೋಗುತ್ತೆ. ಬೆಟ್ಟಕ್ಕೆ ಹೊದಿಕೆ ಇದ್ದ ಕಾಲದಲ್ಲಿ ಆ ನೀರು ಇಂಗಿ, ತಡವಾಗಿ ಬಾವಿಗಳಿಗೆ ಬರುತ್ತಿತ್ತಂತೆ. ಬೋಳಾದ ಮೇಲೆ ಅದು ಬೆಟ್ಟದಲ್ಲಿ ನಿಲ್ಲುವ ಕಾರಣವೇ ಇರಲಿಲ್ಲ. ಇಳಿಜಾರಿನ ಮಣ್ಣನ್ನೆಲ್ಲ ಬಳಿದುಕೊಂಡು ಕೆಳಗಿನ ಹೊಲಗಳಿಗೆ ನುಗ್ಗುತ್ತಿತ್ತು. ಮೊದಲ ವರ್ಷಗಳಲ್ಲಿ ಒಳ್ಳೆ ಮಣ್ಣು ಬಂತು, ಹೊಲದವರು ಸಂತೋಷಪಟ್ಟರು. ಆಮೇಲೆ ಮರಳು ಬಂತು. ಆಮೇಲೆ ಜಲ್ಲಿ. ಒಬ್ಬ ಬಿತ್ತಿದ ಜೋಳ ಕೊಚ್ಚಿಹೋಗಿ ಇನ್ನೊಬ್ಬನ ಹೊಲದಲ್ಲಿ ಮೊಳೆಯುತ್ತಿತ್ತು. ಅದು ಯಾರ ಬೆಳೆ ಅನ್ನುವ ಜಗಳ ಪೈರು ಒಣಗುವವರೆಗೂ ನಡೆಯುತ್ತಿತ್ತು, ಒಣಗಿದ ಮೇಲೆ ತಾನಾಗಿ ಇತ್ಯರ್ಥವಾಗುತ್ತಿತ್ತು. ಕೆರೆ ಹೂಳು ತುಂಬಿ ಆಟದ ಮೈದಾನವಾಯಿತು. ಮಳೆ ನಿಂತ ಸ್ವಲ್ಪ ದಿನಕ್ಕೇ ಬಾವಿಗಳ ತಳ ಕಾಣುತ್ತಿತ್ತು.

ಆಗ ಊರಿನ ಬೆಳೆಗಾರರ ಸಂಘದವರು ಭೂಮಿ ಇಲಾಖೆಯಿಂದ ಒಬ್ಬರನ್ನು ಕರೆಸಿದರು. ಗಿಡ್ಡಗಿನ, ಗಟ್ಟಿ ದನಿಯ ಹೆಂಗಸು. ನಾವೆಲ್ಲ ಮಣ್ಣಿನ ಮೇಡಂ ಅಂತಿದ್ದೆವು. ಅವರು ಸಂಘದ ಗೋದಾಮಿನಲ್ಲಿ ಬೆಂಚಿನ ಮೇಲೆ ಎರಡು ತಟ್ಟೆ ಓರೆಯಾಗಿ ಇಟ್ಟರು. ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು. ಎರಡಕ್ಕೂ ಹೂದೋಟದ ಕ್ಯಾನಿನಿಂದ ನೀರು ಹಾಕಿದರು. ಬರಿ ಮಣ್ಣಿನ ತಟ್ಟೆಯಿಂದ ಕೆಳಗಿನ ಗಾಜಿನ ಪಾತ್ರೆಗೆ ಹಾಲು ಹಾಕಿದ ಚಹಾದಂಥ ನೀರು ಧೋ ಅಂತ ಬಂತು. ಹುಲ್ಲಿನ ತಟ್ಟೆಯಿಂದ ಏನೂ ಬರಲಿಲ್ಲ. ಎಲ್ಲರೂ ಕಾದರು. ಕೊನೆಗೆ ತಿಳಿನೀರು ತೊಟ್ಟಿಕ್ಕಲು ಶುರುವಾಯಿತು, ಮೇಡಂ ಮಾತು ಮುಗಿಸಿದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು.

"ಮೇಡಂ, ಆ ಹುಲ್ಲು ಎಲ್ಲಿಂದ ತಂದ್ರಿ?" ಅಂತ ಗಿರಣಿಯವನು ಕೇಳಿದ.

"ನಮ್ಮ ಆಫೀಸಿನ ಅಂಗಳದಿಂದ."

"ಹಾಗಾದ್ರೆ ನಾವೆಲ್ಲ ಅಲ್ಲೇ ಬೇಸಾಯ ಮಾಡೋದು ಒಳ್ಳೇದು."

ಮೇಡಂ ನಗಲಿಲ್ಲ. "ನಿಮ್ಮ ಬೆಟ್ಟದಲ್ಲೂ ಬೇರು, ಬೀಜ ಇನ್ನೂ ಉಳಿದಿರತ್ತೆ. ಅದಕ್ಕೆ ಬೇಕಾದ್ದು ಎರಡೇ. ಮೇಯೋ ಬಾಯಿ ದೂರ ಇರಬೇಕು, ಓಡೋ ನೀರಿಗೆ ಅಡ್ಡ ಇರಬೇಕು" ಅಂದರು.

ಸಂಘ ತೀರ್ಮಾನ ಮಾಡಿತು. ಬೆಟ್ಟಕ್ಕೆ ಯಾರೂ ದನ, ಆಡು ಬಿಡುವಂತಿಲ್ಲ. ಬಿಟ್ಟರೆ ದೊಡ್ಡಿಗೆ. ಬಿಡಿಸಿಕೊಳ್ಳಬೇಕಾದರೆ ದುಡ್ಡಲ್ಲ, ದುಡಿಮೆ: ಒಂದು ಆಡಿಗೆ ಒಂದು ದಿನ ಬೆಟ್ಟದ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಬೇಕು. ಇನ್ನು ಕಾವಲಿಗೆ ಯಾರು ಅಂದಾಗ ಎಲ್ಲರೂ ತಟ್ಟೆಯ ಕಡೆ ನೋಡತೊಡಗಿದರು. ಅಕ್ಕಪಕ್ಕದವರ ಆಡು ಹಿಡಿದು ಅವರ ಶಾಪ ತಿನ್ನಲು ಯಾರಿಗೂ ಹಸಿವಿರಲಿಲ್ಲ. ಸಭೆಗೆ ಬಾರದಿದ್ದವನು ಚಿಕ್ಕಪ್ಪ ಒಬ್ಬನೇ. ಸರ್ವಾನುಮತದಿಂದ ಅವನನ್ನೇ ಆರಿಸಿದರು.

"ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು" ಅಂತ ಗಿರಣಿಯವನು ಅಂದ. ಅವತ್ತಿನಿಂದ ಚಿಕ್ಕಪ್ಪನಿಗೆ ಬೇಲಿ ಅಂತಲೇ ಹೆಸರಾಯಿತು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೆ ಮೊದಲು ಕರೆಯುತ್ತಿದ್ದ ಇದ್ದಿಲು ಅನ್ನುವ ಹೆಸರಿಗಿಂತ ಇದು ವಾಸಿ ಅಂದ.

ಸಂಘದವರು ಒಂದು ಸೀಟಿ ಕೊಟ್ಟರು, ಒಂದು ಟೋಪಿ ಕೊಟ್ಟರು. ಮೊದಲ ದಿನ ಚಿಕ್ಕಪ್ಪ ಟೋಪಿ ಹಾಕಿಕೊಂಡು ಬೆಟ್ಟ ಹತ್ತಿದ. ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಅಲ್ಲಪ್ಪಾ ಬೇಲಿ, ಅಲ್ಲಿ ಕಾಯೋಕೆ ಏನಿದೆ?" ಅವನು ಎಲ್ಲರಿಗೂ "ನೋಡಿ ಹೇಳ್ತೀನಿ" ಅಂದ. ಮೇಲೆ ಹೋಗಿ ನೋಡಿದರೆ ಒಂದು ಮಂದೆ ಮೇಯುತ್ತಿತ್ತು, ಮುಂದೆ ಮೇಷ್ಟ್ರು.

ಸೀಟಿ ಊದಿದ. ಮೇಷ್ಟ್ರು ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು. ಬಂಡೆಯ ಆಚೆಯಿಂದ ಚಿಕ್ಕಮ್ಮ ಎದ್ದು ಬಂದಳು.

"ಏನ್ರೀ, ಊಟ ಮರೆತು ಬಂದ್ರಾ?"

"ಇಲ್ಲ. ಆಡು ಹಿಡಿಯೋಕೆ ಬಂದೆ."

"ಯಾರದ್ದು?"

"ನಮ್ಮದ್ದು."

ಚಿಕ್ಕಮ್ಮ ಅವನ ಟೋಪಿ ನೋಡಿದಳು. "ತಮಾಷೆ ಸಾಕು, ಮನೆಗೆ ಹೋಗಿ ನೀರು ಸೇದಿಡಿ" ಅಂದಳು. ಅವನು ಮಂದೆಯನ್ನು ತಿರುಗಿಸಿದ. ಆಡುಗಳಿಗೆ ಅವನ ಪರಿಚಯ ಇತ್ತು, ಮನೆಗೆ ಹೋಗುತ್ತಿದ್ದೇವೆ ಅಂದುಕೊಂಡು ಬಂದವು. ಊರ ನಡುವೆ, ಎಲ್ಲರ ಕಣ್ಣೆದುರಿಗೆ, ಅವುಗಳನ್ನು ದೊಡ್ಡಿಗೆ ಹಾಕಿ ಬಾಗಿಲು ಮುಚ್ಚಿದ. ಬೇರೆ ಆಡಿನವರು ಅದನ್ನು ನೋಡಿ, ತಮ್ಮ ಆಡುಗಳನ್ನು ಸದ್ದಿಲ್ಲದೆ ಬೆಟ್ಟದಿಂದ ಇಳಿಸಿಕೊಂಡರು. ಸ್ವಂತ ಹೆಂಡತಿಯನ್ನೇ ಬಿಡದವನು ನಮ್ಮನ್ನು ಬಿಡುತ್ತಾನೆಯೇ ಅನ್ನುವುದು ಅವರ ಲೆಕ್ಕ.

ಚಿಕ್ಕಪ್ಪ ಅದನ್ನು ನ್ಯಾಯಕ್ಕೆ ಮಾಡಿದನೋ, ಮೊದಲ ದಿನ ಅವನ ಕಣ್ಣಿಗೆ ಬೇರೆ ಆಡೇ ಬೀಳಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದೆ. "ಎದುರಿಗಿದ್ದದ್ದನ್ನ ಹಿಡಿದೆ" ಅಂದಿದ್ದ.

ಆ ಸಂಜೆ ಗೋಡೆಯಾಚೆ ಜಗಳ ಆಗುತ್ತೆ ಅಂತ ನಾನು ಯಂತ್ರ ನಿಲ್ಲಿಸಿ ಕೂತೆ. ಒಂದು ಸದ್ದೂ ಇಲ್ಲ. ಪಾತ್ರೆ ಇಟ್ಟ ಸದ್ದೂ ಇಲ್ಲ. ಮಾರನೆ ದಿನ ಚಿಕ್ಕಮ್ಮ ಸೆರಗು ಬಿಗಿದು ಬೆಟ್ಟ ಹತ್ತಿ ಕಲ್ಲು ಹೊರಲು ಶುರು ಮಾಡಿದಳು. ಇಪ್ಪತ್ತರ ಮೇಲೆ ಆಡುಗಳಿದ್ದವು, ಅಷ್ಟೂ ದಿನ ಹೊತ್ತಳು.

ಮಣ್ಣಿನ ಮೇಡಂ ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿ, ಇಳಿಜಾರಿನ ಉದ್ದಕ್ಕೂ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಗೆರೆಯ ಮೇಲೆ ದೊಡ್ಡ ಕಲ್ಲು ಕೆಳಗೆ, ಸಣ್ಣ ಕಲ್ಲು ಮೇಲುಬದಿಗೆ ಒತ್ತಿ ಇಡಬೇಕು. ನೀರು ನಿಲ್ಲಬೇಕಾಗಿಲ್ಲ, ನಿಧಾನವಾದರೆ ಸಾಕು. ಸಂಘದಿಂದ ಸರದಿಯ ಮೇಲೆ ಬಂದವರು ಕಲ್ಲನ್ನು ಇಟ್ಟರು. ಚಿಕ್ಕಮ್ಮ ಕುಕ್ಕಿದಳು. ಒಂದೊಂದು ಕಲ್ಲನ್ನೂ ಯಾರದ್ದೋ ತಲೆಯ ಮೇಲೆ ಹಾಕಿದ ಹಾಗೆ ಹಾಕುತ್ತಿದ್ದಳು. ಹಾಗಾಗಿ ಅವಳ ಒಡ್ಡು ಎಲ್ಲರದಕ್ಕಿಂತ ಬಿಗಿಯಾಗಿ ಕೂತಿತು. ಚಿಕ್ಕಪ್ಪ ಸ್ವಲ್ಪ ದೂರದಲ್ಲಿ ಟೋಪಿ ಹಾಕಿಕೊಂಡು ನಿಂತಿರುತ್ತಿದ್ದ. ಸಹಾಯಕ್ಕೆ ಒಮ್ಮೆ ಕೈ ಹಾಕಿದಾಗ ಅವಳು ಆ ಕಲ್ಲನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು ಬೇರೆ ಕಲ್ಲು ಎತ್ತಿಕೊಂಡಳು.

ಗಂಡನ ಜೊತೆ ಮಾತು ನಿಲ್ಲಿಸಿದ್ದಳು. ಹಾಗಂತ ಸಂಸಾರ ನಿಲ್ಲುವುದಿಲ್ಲವಲ್ಲ. ಕೊಟ್ಟಿಗೆಗೆ ವಾಪಸ್ಸಾದ ಮೇಷ್ಟ್ರು ಆ ಕೊರತೆ ತುಂಬಿದರು.

"ಮೇಷ್ಟ್ರೇ, ಊಟ ಮುಚ್ಚಿಟ್ಟಿದ್ದೀನಿ ಅಂತ ಆ ಮನುಷ್ಯನಿಗೆ ಹೇಳಿ."

ಚಿಕ್ಕಪ್ಪ ಊಟ ಮಾಡಿ, "ಮೇಷ್ಟ್ರೇ, ಉಪ್ಪು ಜಾಸ್ತಿ" ಅನ್ನುತ್ತಿದ್ದ.

"ಉಪ್ಪು ತಿಂದೋರು ನೀರು ಕುಡೀಬೇಕು ಅಂತ ಹೇಳಿ, ಮೇಷ್ಟ್ರೇ."

ಮೇಷ್ಟ್ರು ಇಬ್ಬರಿಗೂ ಏನೂ ಹೇಳುತ್ತಿರಲಿಲ್ಲ. ಇದು ತಿಂಗಳುಗಟ್ಟಲೆ ನಡೆಯಿತು.

ಇಷ್ಟರಲ್ಲಿ ನಿಜವಾದ ಕಷ್ಟ ಶುರುವಾಯಿತು. ಬೆಟ್ಟ ಮುಚ್ಚಿದೆ, ಕೊಟ್ಟಿಗೆಯಲ್ಲಿ ಆಡುಗಳಿವೆ, ಅವುಗಳ ಹೊಟ್ಟೆ ಮುಚ್ಚಿಲ್ಲ. ಚಿಕ್ಕಮ್ಮ ಹೊಲದವರ ಬದುಗಳಲ್ಲಿ ಕಳೆ ಕಿತ್ತು ತಂದಳು, ಗಿರಣಿಯ ತೌಡು ತಂದಳು, ತರಕಾರಿ ಅಂಗಡಿಯ ಕೊಳೆತ ಎಲೆ ತಂದಳು. ಸಾಲಲಿಲ್ಲ. ಆಡುಗಳ ಪಕ್ಕೆಲುಬು ಕಾಣತೊಡಗಿದವು. ಮೊದಲ ವರ್ಷ ಮಳೆಯೂ ಕೈಕೊಟ್ಟಿತು, ಬೆಟ್ಟ ಇದ್ದ ಹಾಗೇ ಬೋಳಾಗಿತ್ತು. ಕೊನೆಗೊಂದು ಬೆಳಿಗ್ಗೆ ವ್ಯಾಪಾರಿಯ ಗಾಡಿ ಅವರ ಮನೆ ಮುಂದೆ ಬಂದು ನಿಂತಿತು.

ಚಿಕ್ಕಮ್ಮ ಒಂದೊಂದೇ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಚಿಕ್ಕಮ್ಮನನ್ನು ನಾನು ನೋಡಿದ್ದು ಅದೊಂದೇ ಸಲ. ಗಾಡಿ ಹೊರಡುವ ಮೊದಲೇ ಒಳಗೆ ಹೋಗಿ ಪಾತ್ರೆ ಉಜ್ಜಲು ಕೂತಳು. ಗೋಡೆಯಾಚೆಯಿಂದ ಆ ಉಜ್ಜುವ ಸದ್ದು ಮಧ್ಯಾಹ್ನದವರೆಗೂ ಬರುತ್ತಿತ್ತು. ಅವರ ಮನೆಯಲ್ಲಿ ಅಷ್ಟು ಪಾತ್ರೆಗಳಿರಲಿಲ್ಲ. ಮೇಷ್ಟ್ರನ್ನು ವ್ಯಾಪಾರಿ ಮುಟ್ಟಿ ನೋಡಿ, ಇದು ಬೇಯಲ್ಲ ಅಂತ ಬಿಟ್ಟು ಹೋಗಿದ್ದ.

ಚಿಕ್ಕಪ್ಪ ಅವತ್ತು ಊಟಕ್ಕೂ ಇಳಿದು ಬರಲಿಲ್ಲ. ಬೆಟ್ಟದಲ್ಲಿ ಕಾಯಲು ಏನೂ ಇರಲಿಲ್ಲ, ಹಿಡಿಯಲು ಆಡೂ ಇರಲಿಲ್ಲ. ಸಂಜೆ ಬಂದವನು ಟೋಪಿ ತೆಗೆದು ಕೊಟ್ಟಿಗೆಯ ಬಾಗಿಲಲ್ಲಿ ನಿಂತ.

"ಎಷ್ಟು ಉಳಿದ್ವು, ಮೇಷ್ಟ್ರೇ?"

"ನಾಲ್ಕು" ಅಂದಳು ಚಿಕ್ಕಮ್ಮ. ತಿಂಗಳುಗಳ ಮೇಲೆ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆಮೇಲೆ, "ಕೈಕಾಲು ತೊಳ್ಕೊಂಡು ಬನ್ನಿ, ಆರಿಹೋಗತ್ತೆ" ಅಂದಳು. ನಾನು ಯಂತ್ರ ತುಳಿಯಲು ಶುರು ಮಾಡಿದೆ.

ಎರಡನೆ ವರ್ಷ ಮಳೆ ಬಂತು. ಒಡ್ಡುಗಳ ಹಿಂದೆ ಮೊದಲು ಹೂಳು ನಿಂತಿತು, ಹೂಳಿನಲ್ಲಿ ತೇವ ನಿಂತಿತು, ತೇವದಲ್ಲಿ ಹುಲ್ಲು ಬಂತು. ಬೆಟ್ಟಕ್ಕೆ ಅಡ್ಡಡ್ಡ ಹಸಿರು ಪಟ್ಟೆ ಬಿದ್ದು, ದೂರದಿಂದ ಯಾರೋ ಗೆರೆ ಹಾಳೆ ಹಾಸಿದ ಹಾಗಿತ್ತು. ಎಲ್ಲಕ್ಕಿಂತ ದಪ್ಪ ಪಟ್ಟೆ ಚಿಕ್ಕಮ್ಮನ ಒಡ್ಡಿನದು. ಚಿಕ್ಕಪ್ಪ ಕಡಿದಿದ್ದ ಜಾಲಿಯ ಕೆಲವು ಬುಡಗಳು ಸತ್ತಿರಲಿಲ್ಲ, ಅವೂ ಚಿಗುರಿದವು. ಅದನ್ನು ನೋಡಿ ಬಂದ ದಿನ ಅವನು, "ನಾನು ಪೂರ್ತಿ ಕಡಿದಿರಲಿಲ್ಲ" ಅಂದ. ಹೆಮ್ಮೆಯಿಂದ ಅಂದನೋ, ಕೆಲಸ ಅರ್ಧಕ್ಕೆ ಬಿಟ್ಟಿದ್ದಕ್ಕೆ ನಾಚಿ ಅಂದನೋ, ಮುಖದಲ್ಲಿ ಗೊತ್ತಾಗಲಿಲ್ಲ.

ಮೂರನೆ ವರ್ಷ ಹೊಲಗಳಿಗೆ ಜಲ್ಲಿ ಬರಲಿಲ್ಲ. ಬಿತ್ತಿದ ಜೋಳ ಬಿತ್ತಿದವನ ಹೊಲದಲ್ಲೇ ಮೊಳೆಯಿತು. ಬೇಸಗೆಯ ನಡುವಲ್ಲೂ ಕೆಳಗಿನ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರಿತ್ತು. ಸಂಘದ ಅಧ್ಯಕ್ಷರ ಹೊಲ ಬೆಟ್ಟದ ಬುಡಕ್ಕೇ ಅಂಟಿಕೊಂಡಿತ್ತು, ಊರಿನಲ್ಲೇ ದೊಡ್ಡದು. ಅವರು ಒಳ್ಳೆಯವರೇ. ಆದರೆ ಖಾಲಿ ಜಾಗ ಕಂಡರೆ ಸುಮ್ಮನಿರಲು ಆಗದವರು. ಕೆಳಗಿನ ಒಡ್ಡುಗಳ ಹಿಂದೆ ನಿಂತಿದ್ದ ಕಪ್ಪನೆಯ ಮೆತ್ತನೆಯ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ, "ಇಂಥ ಮಣ್ಣನ್ನ ಬರೀ ಹುಲ್ಲಿಗೆ ಬಿಡೋದಾ? ಕಲ್ಲಂಗಡಿ ಹಾಕಿದ್ರೆ ಬಂಗಾರ" ಅಂದರಂತೆ.

ಒಂದು ಬೆಳಿಗ್ಗೆ ಅವರ ಟ್ರ್ಯಾಕ್ಟರು ಬೆಟ್ಟದ ಕೆಳ ಇಳಿಜಾರನ್ನು ಉಳತೊಡಗಿತು. ಅಡ್ಡಡ್ಡ ಉತ್ತರೆ ಮಗುಚುತ್ತೆ ಅಂತ ಡ್ರೈವರ್ ಮೇಲಿಂದ ಕೆಳಕ್ಕೆ ನೇರ ಉಳುತ್ತಿದ್ದ. ಎರಡು ಒಡ್ಡು ಆಗಲೇ ಚೆದುರಿಹೋಗಿದ್ದವು. ಒಂದು ಚಿಕ್ಕಮ್ಮನದು.

ಚಿಕ್ಕಪ್ಪ ಸೀಟಿ ಊದಿದ. ಡ್ರೈವರ್ ಇಂಜಿನ್ ಸದ್ದಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಚಿಕ್ಕಪ್ಪ ಹೋಗಿ ಟ್ರ್ಯಾಕ್ಟರಿನ ಮುಂದೆ ನಿಂತ.

"ಇಳಿಯಪ್ಪ."

"ಅಧ್ಯಕ್ಷರು ಹೇಳಿದ್ದಾರೆ."

"ಅವರನ್ನ ಹಿಡೀತಿಲ್ಲ. ಇದನ್ನ ಹಿಡೀತಿದ್ದೀನಿ."

ಡ್ರೈವರ್‌ಗೂ ಊಟದ ಹೊತ್ತಾಗಿತ್ತು. ವಾದ ಮಾಡದೆ ಟ್ರ್ಯಾಕ್ಟರನ್ನು ತಾನೇ ಓಡಿಸಿಕೊಂಡು ಬಂದು ದೊಡ್ಡಿಯೊಳಗೆ ನಿಲ್ಲಿಸಿ, ಕೀಲಿ ಚಿಕ್ಕಪ್ಪನ ಕೈಗೆ ಕೊಟ್ಟು ಹೋದ. ದೊಡ್ಡಿಯ ಬಾಗಿಲು ಅಷ್ಟು ಅಗಲ ಇರಲಿಲ್ಲ. ಒಂದು ಕಂಬ ಬಿತ್ತು. ಚಿಕ್ಕಪ್ಪ ಕಂಬ ಎತ್ತಿ ನಿಲ್ಲಿಸಿ, ಎರಡು ಚಕ್ರದ ನಡುವೆ ಹಗ್ಗ ಕಟ್ಟಿ, ಗೂಟಕ್ಕೆ ಬಿಗಿದ. ಊರೆಲ್ಲ ನೋಡಲು ಬಂತು.

ಸಾಯಂಕಾಲ ಗೋದಾಮಿನಲ್ಲಿ ಸಭೆ. ಈ ಸಲ ಚಿಕ್ಕಪ್ಪ ತಪ್ಪಿಸಿಕೊಳ್ಳಲಿಲ್ಲ. ಅಧ್ಯಕ್ಷರು ಕೋಪವನ್ನು ನುಂಗಿಕೊಂಡು ಮಾತಾಡಿದರು.

"ನೋಡು ಬೇಲಿ, ನಿನ್ನ ಕೆಲಸ ಮೇಯೋದನ್ನ ತಡೆಯೋದು. ಟ್ರ್ಯಾಕ್ಟರು ಮೇಯುತ್ತಾ?"

ಚಿಕ್ಕಪ್ಪ ಯೋಚನೆ ಮಾಡುತ್ತ ನಿಂತ. ಅವನು ಯೋಚನೆ ಮುಗಿಸುವಷ್ಟರಲ್ಲಿ ಸಭೆಯೇ ಮುಗಿಯುತ್ತಿತ್ತೇನೋ. ಹಿಂದಿನಿಂದ ಚಿಕ್ಕಮ್ಮ ಎದ್ದಳು.

"ಆಡು ಹುಲ್ಲಿನ ತಲೆ ತಿನ್ನತ್ತೆ ಅಧ್ಯಕ್ಷರೇ, ಬುಡ ಬಿಡತ್ತೆ. ನಿಮ್ಮ ಟ್ರ್ಯಾಕ್ಟರು ಬುಡವನ್ನೇ ಕಿತ್ತು ಬಿಸಿಲಿಗೆ ಹಾಕಿದೆ. ಯಾವುದು ಹೆಚ್ಚು ಮೇಯ್ತು ಅಂತ ನೀವೇ ಹೇಳಿ."

ಅಷ್ಟು ಹೇಳಿ ಅವಳು ಕೂರಲಿಲ್ಲ.

"ನಮ್ಮ ಆಡು ಬೆಟ್ಟ ಬೋಳಿಸಿದ್ದು ನಿಜ. ಈ ಮನುಷ್ಯ ಮರ ಕಡಿದದ್ದೂ ನಿಜ. ಅದಕ್ಕೆ ಕಲ್ಲು ಹೊತ್ತೆ, ಆಡು ಮಾರಿದೆ. ಬೆಟ್ಟದ ನೀರು ನಿಮ್ಮ ಬಾವಿಗೆ ಬಂತು. ಜಲ್ಲಿ ಬರದೆ ನಿಮ್ಮ ಹೊಲ ಉಳೀತು. ಸಂತೋಷ. ಹೊಲ ಇಲ್ಲದೋರಿಗೆ ಏನು ಬಂತು?"

"ಗಾಳಿ" ಅಂದ ಗಿರಣಿಯವನು. ಅವನ ಮಾತಿಗೆ ಯಾರೂ ನಗದಿದ್ದದ್ದು ಅದೇ ಮೊದಲು. ಅವನೂ ನಕ್ಕಿರಲಿಲ್ಲ.

"ಏನು ಬೇಕಮ್ಮ ನಿನಗೆ?" ಅಂತ ಅಧ್ಯಕ್ಷರು ಕೇಳಿದರು.

"ಹುಲ್ಲು. ಮೇಯಿಸಲ್ಲ, ಕುಡುಗೋಲಲ್ಲಿ ಕೊಯ್ದು ತಲೆ ಮೇಲೆ ಹೊತ್ತು ತರ್ತೀವಿ. ಹೊಲ ಇಲ್ಲದ ಮನೆಗಳಿಗೆ ಮೊದಲ ಕೊಯ್ಲು. ಉಳಿದ್ರೆ ನಿಮ್ಮ ಎತ್ತಿಗೆ."

ಎಲ್ಲರೂ ಚಿಕ್ಕಪ್ಪನ ಕಡೆ ನೋಡಿದರು. ಕಾವಲುಗಾರ ಅವನು, ಹುಲ್ಲು ಕೊಯ್ದರೆ ಬೆಟ್ಟಕ್ಕೆ ಕೇಡೋ ಇಲ್ಲವೋ ಹೇಳಬೇಕಾದವನು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೀಜ ಉದುರಿದ ಮೇಲೆ ಕೊಯ್ದರೆ ತೊಂದರೆ ಇಲ್ಲ ಅಂತ ಮಣ್ಣಿನ ಮೇಡಂ ಹೇಳಿದ್ರು. ಅವಳು ಹೇಳ್ತಿರೋದು ಸರಿ" ಅಂದು ಕೂತ. ಜನರ ನಡುವೆ ಅವನು ಹೆಂಡತಿಯ ಪರ ಆಡಿದ್ದು ಅದೊಂದೇ ಮಾತು. ಚಿಕ್ಕಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಕೂತಳು.

ಕೊಯ್ಲಿಗೆ ಒಪ್ಪಿಗೆ ಸಿಕ್ಕಿತು. ಟ್ರ್ಯಾಕ್ಟರಿಗೆ ದಂಡ ಎಷ್ಟು ಅನ್ನುವುದು ಮಾತ್ರ ಬಗೆಹರಿಯಲಿಲ್ಲ. ಒಂದು ಟ್ರ್ಯಾಕ್ಟರು ಎಷ್ಟು ಆಡಿಗೆ ಸಮ? ಗಿರಣಿಯವನು ಅಶ್ವಶಕ್ತಿಯನ್ನು ಆಡಿನ ಶಕ್ತಿಗೆ ಪರಿವರ್ತಿಸಲು ನೋಡಿದ, ಆಗಲಿಲ್ಲ. ಕೊನೆಗೆ ಒಡೆದ ಒಡ್ಡು ಸರಿಹೋಗುವವರೆಗೆ ಅದೇ ಟ್ರ್ಯಾಕ್ಟರಿನಲ್ಲಿ ಕಲ್ಲು ಸಾಗಿಸಬೇಕು ಅಂತಾಯಿತು. ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಡ್ರೈವರ್ ಪಕ್ಕ ಮಡ್‌ಗಾರ್ಡ್ ಮೇಲೆ ಕೂತು ದಿನಾ ಬೆಟ್ಟಕ್ಕೆ ಹೋದರು, ಕಲ್ಲನ್ನೂ ಎತ್ತಿದರು. ಚಿಕ್ಕಮ್ಮ ಪಕ್ಕದಲ್ಲಿ ನಿಂತು, "ಹಾಗೆ ಇಡಬೇಡಿ, ಕುಕ್ಕಿ" ಅಂತ ಹೇಳಿಕೊಟ್ಟಳು.

ಕೆಲಸ ಮುಗಿಯುವ ಮೊದಲೇ ಮಳೆ ಬಂತು. ಒಂದೇ ಮಧ್ಯಾಹ್ನ. ಹುಲ್ಲಿದ್ದ ಕಡೆ ನೀರು ತಡವರಿಸಿಕೊಂಡು ಇಳಿಯಿತು. ಉತ್ತ ಕಡೆ ಅದಕ್ಕೆ ಟ್ರ್ಯಾಕ್ಟರಿನ ಸಾಲುಗಳೇ ದಾರಿಯಾದವು. ಸಾಲು ಕಾಲುವೆಯಾಯಿತು, ಕಾಲುವೆ ಕೊರಕಲಾಯಿತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ, ಒಳಗೆ ಮನುಷ್ಯ ನಿಂತರೆ ತಲೆ ಮಾತ್ರ ಕಾಣುವಷ್ಟು ಆಳ. ಮೂರು ವರ್ಷದಲ್ಲಿ ಒಂದೊಂದೇ ಪದರ ಕೂಡಿದ್ದ ಕಪ್ಪು ಮಣ್ಣು ಹೋಗಿ ತಳದ ಸುಣ್ಣಕಲ್ಲು ಹಲ್ಲು ಕಿರಿಯುತ್ತಿತ್ತು. ಜಲ್ಲಿಯೆಲ್ಲ ಅಧ್ಯಕ್ಷರ ಜೋಳದ ಮೇಲೆ ಬೀಸಣಿಗೆಯ ಹಾಗೆ ಹರಡಿತ್ತು. ಬೇರೆಯವರ ಹೊಲಕ್ಕೆ ಏನೂ ಆಗಿರಲಿಲ್ಲ. ಊರಿನವರೆಲ್ಲ ಬದುವಿನ ಮೇಲೆ ನಿಂತು ನೋಡಿದರು.

"ಈ ಸಲ ಮಳೆ ಜಾಸ್ತಿ" ಅಂದರು ಅಧ್ಯಕ್ಷರು.

"ಹೌದು, ಜಾಸ್ತಿ" ಅಂದ ಚಿಕ್ಕಪ್ಪ. ಉಳಿದವರೂ ಹೌದು ಹೌದು ಅಂದರು. ಒಂದೇ ಊರಲ್ಲಿ ಬಾಳಬೇಕಲ್ಲ. ಆ ಕೊರಕಲು ಇವತ್ತಿಗೂ ಇದೆ, ಅದರೊಳಗೆ ಕಳ್ಳಿ ಬಿಟ್ಟರೆ ಇನ್ನೇನೂ ಹಿಡಿದಿಲ್ಲ.

ಮೇಷ್ಟ್ರು ಅದರ ಮಾರನೆ ವರ್ಷ ತೀರಿಕೊಂಡರು. ಹುಲ್ಲಿನ ಹೊರೆ ಕೊಟ್ಟಿಗೆಗೆ ಬಂದು ಬೀಳುವ ಕಾಲದಲ್ಲಿ, ಹೊಟ್ಟೆ ತುಂಬ ತಿಂದು, ಮಲಗಿದಲ್ಲೇ. ಚಿಕ್ಕಮ್ಮನ ಆಡುಗಳು ಮತ್ತೆ ಹತ್ತರ ಹತ್ತಿರ ಬಂದವು, ಅದಕ್ಕಿಂತ ಹೆಚ್ಚು ಅವಳೇ ಇಟ್ಟುಕೊಳ್ಳಲಿಲ್ಲ. ತಲೆ ಮೇಲೆ ಹೊರುವಷ್ಟೇ ಆಡು ಸಾಕಬೇಕು ಅಂತಿದ್ದಳು.

ಚಿಕ್ಕಪ್ಪನ ಮಂಡಿ ಹೋದ ಮೇಲೆ ಕಾವಲಿನ ಕೆಲಸ ಚಿಕ್ಕಮ್ಮನಿಗೆ ಬಂತು. ಸಂಘದವರು ಟೋಪಿ ಕೊಡಲು ಹೋದಾಗ, "ನನ್ನ ಮುಖವೇ ಸಾಕು" ಅಂದಳು. ಸಾಕಾಯಿತು. ಚಿಕ್ಕಪ್ಪ ಮನೆ ಮುಂದಿನ ಕಟ್ಟೆ ಮೇಲೆ ಕೂತು, ಅವಳು ತಂದ ಉದ್ದ ಹುಲ್ಲನ್ನು ಆರಿಸಿ ಪೊರಕೆ ಕಟ್ಟಲು ಕಲಿತ. ಇದ್ದಿಲು ಸುಟ್ಟ ಕೈ, ಗಂಟು ಬಿಗಿಯಾಗಿ ಬೀಳುತ್ತಿರಲಿಲ್ಲ. ಅವನ ಪೊರಕೆಯಲ್ಲಿ ಗುಡಿಸಿದರೆ ಕಸ ಹೋಗಿ ಹುಲ್ಲುಕಡ್ಡಿ ಬೀಳುತ್ತಿತ್ತು. ಅದನ್ನು ಗುಡಿಸಲು ಇನ್ನೊಂದು ಪೊರಕೆ ಬೇಕಾಗುತ್ತಿತ್ತು. ಆದರೂ ಪ್ರತಿ ಮನೆಯವರೂ ಅವನ ಹತ್ತಿರವೇ ಕೊಂಡರು. ಅಧ್ಯಕ್ಷರು ಎರಡು ಕೊಂಡರು. ನನ್ನ ಹತ್ತಿರ ಈಗಲೂ ಮೂರಿವೆ, ಬಾಗಿಲ ಹಿಂದೆ ನಿಲ್ಲಿಸಿದ್ದೇನೆ. ಗುಡಿಸೋದು ಪೇಟೆಯಿಂದ ತಂದ ಪ್ಲಾಸ್ಟಿಕ್ ಪೊರಕೆಯಲ್ಲಿ.